ಬೀದರ್–ಕಲಬುರಗಿ ರೈಲು ಕಲಿಸಿದ ಬಂಡವಾಳ ವೆಚ್ಚದ ಪಾಠ

(ಅಧ್ಯಯನ ಲೇಖನ – ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)



ಅರ್ಥಶಾಸ್ತ್ರದಲ್ಲಿ ಸರ್ಕಾರದ ಬಜೆಟ್ ಕುರಿತ ಅಧ್ಯಾಯ ಬಂದಾಗ ನಾವೆಲ್ಲ ಮಾಡುವ ಕೆಲಸ ಒಂದೇ. ರಾಜಸ್ವ ವೆಚ್ಚಕ್ಕೂ ಬಂಡವಾಳ ವೆಚ್ಚಕ್ಕೂ ಇರುವ ವ್ಯತ್ಯಾಸವನ್ನು ಎರಡು ಕಾಲಂ ಹಾಕಿ ಬಾಯಿಪಾಠ ಮಾಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಆದರೆ ಈ ಪಾಠ ನನಗೆ ನಿಜವಾಗಿ ಅರ್ಥವಾಗಿದ್ದು ನಮ್ಮ ಮನೆಯ ಒಂದು ಮಾತಿನಿಂದ.

ನನ್ನ ಫೂಫಿ, ಅಂದರೆ ಅಬ್ಬಾನ ತಂಗಿ, 2000ನೇ ಇಸವಿಯಲ್ಲಿ ಪಿಯುಸಿ ಪಾಸಾದರು. ಒಳ್ಳೆಯ ಅಂಕ ಬಂದಿತ್ತು. ಕಲಬುರಗಿಗೆ ಹೋಗಿ ಡಿಗ್ರಿ ಓದುವ ಆಸೆ. ನಮ್ಮೂರು ಹುಮನಾಬಾದ್ ಕಡೆ. ಬಸ್ಸು ಇತ್ತು. ಆದರೆ ರಸ್ತೆ ಕೆಟ್ಟಿತ್ತು, ಸಂಜೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಹಾಸ್ಟೆಲಿಗೆ ಹಾಕುವಷ್ಟು ಹಣ ಇರಲಿಲ್ಲ. ಆಗಲೇ ಬೀದರ್–ಕಲಬುರಗಿ ರೈಲು ಮಾರ್ಗ ಮಂಜೂರಾಗಿದೆ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ದಾದಾ ಹೇಳಿದರಂತೆ, ‘ರೇಲ್ ಆನ್ದೇ, ಫಿರ್ ದೇಖಿಂಗೆ.’ ರೈಲು ಬರಲಿ, ಆಮೇಲೆ ನೋಡೋಣ ಎಂದು.

ರೈಲು ಬಂದದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಫೂಫಿಯ ಮಗಳು ಐದನೇ ತರಗತಿಯಲ್ಲಿದ್ದಳು.

ಇದು ಬರೀ ಒಂದು ಮನೆಯ ಕಥೆ ಅಂತ ಬಿಡಬಹುದಿತ್ತು. ಆದರೆ ಬಜೆಟ್ ಪಾಠ ಓದುವಾಗ ನನಗೆ ಒಂದು ಪ್ರಶ್ನೆ ಎದ್ದಿತು. ಸುಮಾರು ಹದಿನೇಳು ವರ್ಷದ ಈ ಕಾಯುವಿಕೆ ಯಾವ ಲೆಕ್ಕದಲ್ಲಿ ಬರುತ್ತದೆ? ಆದಾಯದಲ್ಲೋ, ವೆಚ್ಚದಲ್ಲೋ? ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

1. ಮೊದಲು ಎರಡು ವ್ಯಾಖ್ಯೆ

ರಾಜಸ್ವ ವೆಚ್ಚ ಅಂದರೆ ಸರ್ಕಾರ ಪ್ರತಿ ವರ್ಷ ನಡೆಸಿಕೊಂಡು ಹೋಗಲು ಮಾಡುವ ಖರ್ಚು. ಸಂಬಳ, ಪಿಂಚಣಿ, ಸಹಾಯಧನ, ಹಳೆಯ ಸಾಲದ ಬಡ್ಡಿ ಇದರಲ್ಲಿ ಬರುತ್ತವೆ. ಇದರಿಂದ ಸರ್ಕಾರಕ್ಕೆ ಆಸ್ತಿ ಹುಟ್ಟುವುದಿಲ್ಲ. ಬಂಡವಾಳ ವೆಚ್ಚ ಅಂದರೆ ಆಸ್ತಿ ಹುಟ್ಟಿಸುವ ಅಥವಾ ಹೊಣೆ ಕಡಿಮೆ ಮಾಡುವ ಖರ್ಚು. ರೈಲು ಮಾರ್ಗ, ಹೆದ್ದಾರಿ, ಬಂದರು, ವಿದ್ಯುತ್ ಮಾರ್ಗ, ಅಣೆಕಟ್ಟು ಎಲ್ಲ ಇದಕ್ಕೆ ಉದಾಹರಣೆ.

ಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಅಂಗಡಿಯ ಕರೆಂಟ್ ಬಿಲ್ಲು ರಾಜಸ್ವ ವೆಚ್ಚ. ಅಂಗಡಿಗೆ ಹಾಕಿಸುವ ತಕ್ಕಡಿ, ಕಪಾಟು ಬಂಡವಾಳ ವೆಚ್ಚ. ಬಿಲ್ಲು ಕಟ್ಟದಿದ್ದರೆ ನಾಳೆಯೇ ಗೊತ್ತಾಗುತ್ತದೆ. ಕಪಾಟು ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದರೆ ಯಾರೂ ಕೇಳುವುದಿಲ್ಲ. ಹಣ ಕಡಿಮೆಯಾದ ವರ್ಷ ಸರ್ಕಾರವೂ ಹೀಗೇ ಮಾಡುತ್ತದೆ. ಸಂಬಳ, ಬಡ್ಡಿ ನಿಲ್ಲಿಸುವಂತಿಲ್ಲ. ಹಾಗಾಗಿ ಮೊದಲು ಮುಂದಕ್ಕೆ ಹೋಗುವುದು ಕಾಮಗಾರಿ.

2025–26ರ ಕೇಂದ್ರ ಬಜೆಟ್ ಅಂದಾಜನ್ನೇ ನೋಡಿ. ಒಟ್ಟು ವೆಚ್ಚ ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಇದರಲ್ಲಿ ಬಡ್ಡಿ ಪಾವತಿಯೇ ಸುಮಾರು 12.76 ಲಕ್ಷ ಕೋಟಿ. ಬಂಡವಾಳ ವೆಚ್ಚ ಸುಮಾರು 11.21 ಲಕ್ಷ ಕೋಟಿ. 2020–21ರಲ್ಲಿ ಬಂಡವಾಳ ವೆಚ್ಚ ಸುಮಾರು 4.26 ಲಕ್ಷ ಕೋಟಿ ಇತ್ತು. ಅಂದರೆ ಐದು ವರ್ಷದಲ್ಲಿ ಎರಡೂವರೆ ಪಟ್ಟು ಹೆಚ್ಚಿದೆ. ಇದು ಒಳ್ಳೆಯ ಸುದ್ದಿ. ಆದರೆ ಎಷ್ಟು ಹಣ ಇಟ್ಟರು ಎಂಬುದು ಅರ್ಧ ಪ್ರಶ್ನೆ ಮಾತ್ರ. ಒಂದೇ ಕೆಲಸಕ್ಕೆ ಎಷ್ಟು ವರ್ಷ ಬಿಡದೆ ಹಣ ಕೊಟ್ಟರು ಎಂಬುದು ಉಳಿದ ಅರ್ಧ.

2. ನಮ್ಮ ರೈಲಿನ ಲೆಕ್ಕ

ಬೀದರಿಗೆ ರೈಲು ಹೊಸದಲ್ಲ. ವಿಕಾರಾಬಾದಿನಿಂದ ಬರುವ ಮಾರ್ಗ ನಿಜಾಮರ ಕಾಲದ್ದು. ಆದರೆ ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕಾದರೆ ವಿಕಾರಾಬಾದಿಗೆ ಹೋಗಿ, ಅಲ್ಲಿಂದ ತಾಂಡೂರು, ವಾಡಿ ಸುತ್ತಿ ಬರಬೇಕಿತ್ತು. ಅಕ್ಕಪಕ್ಕದ ಎರಡು ಜಿಲ್ಲೆಗಳ ನಡುವೆ ಹೋಗಲು ಇನ್ನೊಂದು ರಾಜ್ಯ ದಾಟಬೇಕಿತ್ತು.

ಹುಮನಾಬಾದ್, ಕಮಲಾಪುರದ ಮೇಲೆ ಹಾದುಹೋಗುವ ಸುಮಾರು 110 ಕಿ.ಮೀ. ಉದ್ದದ ನೇರ ಮಾರ್ಗ 1990ರ ದಶಕದ ಕೊನೆಯಲ್ಲಿ ಮಂಜೂರಾಯಿತು. ಆಗಿನ ಅಂದಾಜು ವೆಚ್ಚ ಸುಮಾರು 370 ಕೋಟಿ ರೂಪಾಯಿ. ರಾಜ್ಯ ಸರ್ಕಾರವೂ ವೆಚ್ಚದಲ್ಲಿ ಪಾಲು ಕೊಟ್ಟಿತು. ಪೂರ್ತಿ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಆ ಹೊತ್ತಿಗೆ ವೆಚ್ಚ ಸುಮಾರು 1,542 ಕೋಟಿ ರೂಪಾಯಿಗೆ ಏರಿತ್ತು.

ನಾನು ಇದನ್ನು ತರಗತಿಯಲ್ಲಿ ಹೇಳುತ್ತಾ, ‘ನೋಡಿ ಸರ್, ತಡ ಮಾಡಿದ್ದಕ್ಕೆ ಸಾವಿರ ಕೋಟಿಗಿಂತ ಹೆಚ್ಚು ನಷ್ಟ’ ಎಂದೆ. ಅರ್ಥಶಾಸ್ತ್ರದ ಸರ್ ಒಪ್ಪಲಿಲ್ಲ. ‘ಬೆಲೆ ಏರಿಕೆ ಲೆಕ್ಕ ಹಾಕಿದೆಯಾ?’ ಎಂದು ಕೇಳಿದರು. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದರು. ಬೆಲೆಗಳು ವರ್ಷಕ್ಕೆ ಶೇ. 7ರಂತೆ ಏರಿದರೆ ಸುಮಾರು 10 ವರ್ಷಕ್ಕೆ ಎರಡು ಪಟ್ಟಾಗುತ್ತವೆ, 20 ವರ್ಷಕ್ಕೆ ಸುಮಾರು ನಾಲ್ಕು ಪಟ್ಟಾಗುತ್ತವೆ. 370ರ ನಾಲ್ಕು ಪಟ್ಟು 1,480. ಅಂದರೆ 370 ಮತ್ತು 1,542 ಎಂಬ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಬಹುಪಾಲು ರೂಪಾಯಿಯ ಬೆಲೆ ಇಳಿದದ್ದೇ ಇರಬಹುದು. ಸರ್ಕಾರದ ತೆರಿಗೆ ಆದಾಯವೂ ಅಷ್ಟು ವರ್ಷದಲ್ಲಿ ಹೆಚ್ಚಾಗಿರುತ್ತದೆ. ಹಾಗಾಗಿ ಅದೆಲ್ಲವನ್ನೂ ನಷ್ಟ ಎನ್ನುವುದು ತಪ್ಪು.

ನನಗೆ ನಾಚಿಕೆಯಾಯಿತು. ಮನೆಗೆ ಬಂದ ಮೇಲೂ ಅದೇ ಯೋಚನೆ. ಹಾಗಾದರೆ ತಡವಾದರೆ ನಷ್ಟವೇ ಇಲ್ಲವೇ? ನಷ್ಟ ಇದೆ, ಆದರೆ ನಾನು ಅದನ್ನು ತಪ್ಪು ಜಾಗದಲ್ಲಿ ಹುಡುಕಿದ್ದೆ.

3. ನಷ್ಟ ಎಲ್ಲಿದೆ?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಂದು ರೈಲು ಮಾರ್ಗಕ್ಕೆ ಇಂದಿನ ಬೆಲೆಯಲ್ಲಿ 1,000 ಕೋಟಿ ಬೇಕು. ಮುಗಿದ ಮೇಲೆ ಅದರಿಂದ ಜನರಿಗೆ, ವ್ಯಾಪಾರಕ್ಕೆ ಆಗುವ ಒಟ್ಟು ಲಾಭ ವರ್ಷಕ್ಕೆ 80 ಕೋಟಿ ಎಂದಿರಲಿ.

‘ಅ’ ಯೋಜನೆ: ವರ್ಷಕ್ಕೆ 250 ಕೋಟಿಯಂತೆ 4 ವರ್ಷ.
‘ಆ’ ಯೋಜನೆ: ವರ್ಷಕ್ಕೆ 50 ಕೋಟಿಯಂತೆ 20 ವರ್ಷ.

ಎರಡರಲ್ಲೂ ಕಾಗದದ ಮೇಲೆ ಖರ್ಚು 1,000 ಕೋಟಿಯೇ. ಈಗ ಕಾಮಗಾರಿಯ ಬೆಲೆ ವರ್ಷಕ್ಕೆ ಶೇ. 5ರಂತೆ ಏರುತ್ತದೆ ಎಂದುಕೊಳ್ಳಿ. ಎರಡನೇ ವರ್ಷದ 50 ಕೋಟಿಗೆ ಮೊದಲ ವರ್ಷದಷ್ಟು ಕೆಲಸ ಆಗುವುದಿಲ್ಲ, ಮೂರನೇ ವರ್ಷ ಇನ್ನೂ ಕಡಿಮೆ. ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿದರೆ ‘ಆ’ ಯೋಜನೆಯಲ್ಲಿ 20 ವರ್ಷ ಕಳೆದರೂ ಆಗುವುದು ಸುಮಾರು 654 ಕೋಟಿಯಷ್ಟು ಕೆಲಸ ಮಾತ್ರ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಾಕಿ! ‘ಅ’ ಯೋಜನೆಯಲ್ಲಿ 4 ವರ್ಷಕ್ಕೆ ಸುಮಾರು 931 ಕೋಟಿಯಷ್ಟು ಕೆಲಸ ಆಗುತ್ತದೆ. ಸ್ವಲ್ಪ ಹೆಚ್ಚು ಹಣ ಹಾಕಿದರೆ ಐದನೇ ವರ್ಷಕ್ಕೆ ರೈಲು ಓಡುತ್ತದೆ.

ಈಗ ಲಾಭದ ಕಡೆ ನೋಡಿ. ‘ಅ’ದಲ್ಲಿ ಐದನೇ ವರ್ಷ ಮುಗಿದ ಮೇಲಿನ 15 ವರ್ಷವೇ ಹಿಡಿದರೂ ವರ್ಷಕ್ಕೆ 80ರಂತೆ 1,200 ಕೋಟಿ ಲಾಭ. ‘ಆ’ದಲ್ಲಿ ಆ 20 ವರ್ಷದಲ್ಲಿ ಲಾಭ ಸೊನ್ನೆ. ಏಕೆಂದರೆ ಅರ್ಧ ರೈಲು ಮಾರ್ಗ ಅರ್ಧ ಲಾಭ ಕೊಡುವುದಿಲ್ಲ. ಮಣ್ಣಿನ ಏರಿ ಹಾಕಿ, ಕಂಬ ನಿಲ್ಲಿಸಿ, ಸೇತುವೆ ಕಟ್ಟಿ, ನಡುವಿನ ಹತ್ತು ಕಿಲೋಮೀಟರ್ ಬಿಟ್ಟರೆ ಅದರ ಮೇಲೆ ರೈಲು ಓಡುವುದಿಲ್ಲ, ಹುಲ್ಲು ಬೆಳೆಯುತ್ತದೆ. ಹಾಕಿದ ಹಣಕ್ಕೆ ಬಡ್ಡಿ ಮಾತ್ರ ಓಡುತ್ತಿರುತ್ತದೆ.

ಇದೇ ನನ್ನ ಉತ್ತರ. ತಡದ ನಷ್ಟ ವೆಚ್ಚದ ಕಾಲಂನಲ್ಲಿ ಇಲ್ಲ. ಅದು ಬರಬೇಕಾಗಿದ್ದು ಬಾರದೇ ಹೋದ ಲಾಭದಲ್ಲಿದೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ‘ಅವಕಾಶ ವೆಚ್ಚ’ ಎನ್ನುತ್ತಾರೆ. ಯಾವ ಬಜೆಟ್ ಪುಸ್ತಕದಲ್ಲೂ ಇದನ್ನು ಬರೆಯುವುದಿಲ್ಲ, ಯಾವ ಲೆಕ್ಕ ಪರಿಶೋಧಕರೂ ಸಹಿ ಹಾಕುವುದಿಲ್ಲ. ಫೂಫಿ ಓದದೇ ಉಳಿದ ಡಿಗ್ರಿ ಆ ಕಾಲಂನಲ್ಲಿದೆ.

ಪೂರ್ತಿ ನ್ಯಾಯವಾಗಿ ಹೇಳಬೇಕೆಂದರೆ, ತಡಕ್ಕೆ ಹಣವೊಂದೇ ಕಾರಣವಲ್ಲ. ಭೂಸ್ವಾಧೀನ, ಗುಡ್ಡ ಕೊರೆಯುವ ಕೆಲಸ, ಸೇತುವೆಗಳು, ಗುತ್ತಿಗೆಯ ತಕರಾರು ಎಲ್ಲ ಸೇರುತ್ತವೆ. ಫೂಫಿಯ ವಿಷಯದಲ್ಲೂ ರೈಲೊಂದೇ ಕಾರಣವಲ್ಲ, ಮನೆಯವರ ಅಂಜಿಕೆಯೂ ಇತ್ತು. ಆದರೆ ಅಂಜುವವರಿಗೆ ರೈಲು ಇಲ್ಲದಿರುವುದು ಒಳ್ಳೆಯ ನೆಪವಾಯಿತು.

4. ಕೇಂದ್ರ ಸರ್ಕಾರವೇ ಏಕೆ?

ಈ ಹಣ ರಾಜ್ಯ ಕೊಡಲಿ, ಖಾಸಗಿಯವರು ಹಾಕಲಿ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರವೇ ಮುಂದೆ ನಿಲ್ಲಬೇಕು ಎನ್ನಲು ಮೂರು ಕಾರಣಗಳಿವೆ.

ಮೊದಲನೆಯದು, ಸಂವಿಧಾನ. ಏಳನೇ ಅನುಸೂಚಿಯಲ್ಲಿ ರೈಲ್ವೆ ಮತ್ತು ರಾಷ್ಟ್ರೀಯ ಹೆದ್ದಾರಿ ಕೇಂದ್ರ ಪಟ್ಟಿಯಲ್ಲಿವೆ. ಉಳಿದ ರಸ್ತೆ, ಸೇತುವೆಗಳು ರಾಜ್ಯ ಪಟ್ಟಿಯಲ್ಲಿವೆ.

ಎರಡನೆಯದು, ಲಾಭ ರಾಜ್ಯದ ಗಡಿಯಲ್ಲಿ ನಿಲ್ಲುವುದಿಲ್ಲ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಸೇರಿಸುವ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥ ಹೆದ್ದಾರಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರಿನ ಮೇಲೆ ಹೋಗುತ್ತದೆ. ಹುಬ್ಬಳ್ಳಿಯ ಭಾಗ ಕೆಟ್ಟರೆ ಪುಣೆಯ ಲಾರಿಗೂ ತೊಂದರೆ. ಒಂದೊಂದು ರಾಜ್ಯ ತನ್ನ ಲಾಭ ಮಾತ್ರ ಎಣಿಸಿದರೆ ಎಲ್ಲರೂ ಬೇಕಾದಕ್ಕಿಂತ ಕಡಿಮೆ ಹಾಕುತ್ತಾರೆ. ಈ ಹೆದ್ದಾರಿ ಆದ ಮೇಲೆ ಅದರಿಂದ 10 ಕಿ.ಮೀ. ಒಳಗಿನ ಜಿಲ್ಲೆಗಳಲ್ಲಿ ಕಾರ್ಖಾನೆಗಳ ಉತ್ಪಾದನೆ ದೂರದ ಜಿಲ್ಲೆಗಳಿಗಿಂತ ಹೆಚ್ಚು ಬೆಳೆಯಿತು ಎಂದು ಅರ್ಥಶಾಸ್ತ್ರಜ್ಞರ ಅಧ್ಯಯನ ತೋರಿಸಿದೆ. ಇದರಲ್ಲಿ ನಮಗೆ ಒಂದು ಎಚ್ಚರಿಕೆಯೂ ಇದೆ. ದಾರಿ ಬಂದ ಕಡೆ ಬೆಳವಣಿಗೆ ಹೋಗುತ್ತದೆ, ದಾರಿ ಬಾರದ ಕಡೆ ಹಿಂದೆ ಉಳಿಯುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ನಮ್ಮ ಭಾಗದ ಎಷ್ಟೋ ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಮೂರನೆಯದು, ಸಾಲ ಪಡೆಯುವ ಶಕ್ತಿ. ಕೇಂದ್ರ ಸರ್ಕಾರ ದೀರ್ಘಾವಧಿಗೆ, ಕಡಿಮೆ ಬಡ್ಡಿಗೆ ಸಾಲ ಪಡೆಯಬಲ್ಲದು. ರಾಜ್ಯಗಳ ಕೈ ಕಟ್ಟಿದೆ. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಪಡೆಯಲು ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ಖಾಸಗಿಯವರು ಟೋಲ್ ಬರುವ ಕಡೆ ಬರುತ್ತಾರೆ. ಬೆಂಗಳೂರಿನ ಸುತ್ತ ಬರುತ್ತಾರೆ. ಚಿಟಗುಪ್ಪಾಕ್ಕೆ ಬರುವುದಿಲ್ಲ. ಇದು ಅವರ ತಪ್ಪಲ್ಲ, ಲಾಭ ನೋಡುವುದು ವ್ಯಾಪಾರದ ನಿಯಮ. ಅದಕ್ಕೇ ಅಲ್ಲಿ ಸರ್ಕಾರ ಬೇಕು.

5. ಸಾಲ ನಮ್ಮ ತಲೆ ಮೇಲೆ ಬರುವುದಿಲ್ಲವೇ?

ಈ ಪ್ರಶ್ನೆ ನನ್ನ ಅಬ್ಬಾ ಕೇಳಿದ್ದು. ಸಾಲ ಅಂದರೆ ಅವರಿಗೆ ಆಗುವುದಿಲ್ಲ. ದೇಶಕ್ಕೂ ಮಿತಿ ಇರಬೇಕು ಎಂದೇ 2003ರಲ್ಲಿ ವಿತ್ತೀಯ ಹೊಣೆಗಾರಿಕೆ ಮತ್ತು ಬಜೆಟ್ ನಿರ್ವಹಣಾ ಕಾಯ್ದೆ ಬಂದಿತು. ಈ ಆಕ್ಷೇಪಣೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಟ್ಟಲು ಹೋಗುವ ಒಂದೊಂದು ಕೋಟಿಯೂ ಶಾಲೆಗೋ ಆಸ್ಪತ್ರೆಗೋ ಹೋಗಬಹುದಾದ ಹಣ.

ಆದರೆ ಲೆಕ್ಕಶಾಸ್ತ್ರದಲ್ಲಿ ನಾವು ಒಂದು ತತ್ವ ಓದಿದ್ದೇವೆ: ಆದಾಯಕ್ಕೆ ವೆಚ್ಚವನ್ನು ಅದೇ ಅವಧಿಯಲ್ಲಿ ಹೊಂದಿಸಬೇಕು. ಐವತ್ತು ವರ್ಷ ಬಾಳುವ ಸೇತುವೆಯ ಪೂರ್ತಿ ವೆಚ್ಚವನ್ನು ಒಂದೇ ವರ್ಷದ ತೆರಿಗೆಯಿಂದ ಕೊಡಿಸುವುದು ಆ ವರ್ಷದವರಿಗೆ ಅನ್ಯಾಯ. ಐವತ್ತು ವರ್ಷ ಅದರ ಮೇಲೆ ಓಡಾಡುವವರು ಸ್ವಲ್ಪ ಸ್ವಲ್ಪ ಕೊಡುವುದು ನ್ಯಾಯ. ತಪ್ಪಾಗುವುದು ಸಂಬಳ, ಬಡ್ಡಿ ಕೊಡಲು ಸಾಲ ಮಾಡಿದಾಗ. ಅದಕ್ಕೇ ವಿತ್ತೀಯ ಕೊರತೆಯ ಜೊತೆ ರಾಜಸ್ವ ಕೊರತೆಯನ್ನೂ ಬೇರೆಯಾಗಿ ನೋಡಬೇಕು ಎಂದು ನಮಗೆ ಕಲಿಸುವುದು.

ಹಳೆಯ ಆಸ್ತಿ ಎಷ್ಟು ಕಾಲ ದುಡಿಯುತ್ತದೆ ನೋಡಿ. ವಾಡಿ–ಸಿಕಂದರಾಬಾದ್ ರೈಲು ಮಾರ್ಗ 1874ರದ್ದು. ನೂರೈವತ್ತು ವರ್ಷ ದಾಟಿದರೂ ಇಂದಿಗೂ ಅದರ ಮೇಲೆ ಗಾಡಿಗಳು ಓಡುತ್ತಿವೆ. ಬೀದರಿನ ನೌಬಾದಿನಲ್ಲಿ ನೆಲದೊಳಗೆ ನೀರು ಹರಿಸುವ ಕಾರೇಜ್ ಬಹಮನಿ ಸುಲ್ತಾನರ ಕಾಲದ್ದು. ಕಟ್ಟಿಸಿದವರು ಅದರ ನೀರನ್ನು ಎಷ್ಟು ವರ್ಷ ಕುಡಿದಿರಬಹುದು? ಅವರ ನಂತರದವರೇ ಹೆಚ್ಚು ಕುಡಿದರು.

ಹಾಗೆಂದು ಕಟ್ಟಿದ್ದೆಲ್ಲ ಲಾಭವಲ್ಲ. ಪ್ರಯಾಣಿಕರಿಲ್ಲದ ನಿಲ್ದಾಣ, ಡಾಕ್ಟರಿಲ್ಲದ ಆಸ್ಪತ್ರೆ ಕಟ್ಟಡ ಕೂಡ ಲೆಕ್ಕದಲ್ಲಿ ‘ಬಂಡವಾಳ ವೆಚ್ಚ’ವೇ. ಆಯ್ಕೆ ಸರಿಯಿರಬೇಕು. ನನ್ನ ವಾದ ಎಲ್ಲವನ್ನೂ ಕಟ್ಟಿ ಎಂಬುದಲ್ಲ. ಆಯ್ದದ್ದನ್ನು ನಿಲ್ಲಿಸದೆ ಮುಗಿಸಿ ಎಂಬುದು.

6. ಹಾಗಾದರೆ ಏನು ಮಾಡಬಹುದು?

ಕೆಲವು ಒಳ್ಳೆಯ ದಾರಿಗಳು ಈಗಾಗಲೇ ಇವೆ.

ಮೀಸಲು ನಿಧಿ: ಬಜೆಟ್ ಹಣ ಮಾರ್ಚ್ 31ಕ್ಕೆ ಖರ್ಚಾಗದಿದ್ದರೆ ಸಾಮಾನ್ಯವಾಗಿ ವಾಪಸ್ ಹೋಗುತ್ತದೆ. ಆದರೆ 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆಯಂತೆ ಪೆಟ್ರೋಲ್, ಡೀಸೆಲ್ ಮೇಲಿನ ಸೆಸ್ ಹೀಗೆ ವರ್ಷದ ಕೊನೆಗೆ ವಾಪಸ್ ಹೋಗದ ನಿಧಿಗೆ ಸೇರುವಂತೆ ಮಾಡಲಾಯಿತು. ಸುವರ್ಣ ಚತುಷ್ಪಥಕ್ಕೆ ಹಣ ನಿಲ್ಲದೆ ಬರಲು ಈ ಸೆಸ್ ದೊಡ್ಡ ಕಾರಣ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಗೂ ಇದರ ಪಾಲು ಹೋಯಿತು.

ದೀರ್ಘ ಸಾಲ: 2020–21ರಿಂದ ಕೇಂದ್ರವು ರಾಜ್ಯಗಳಿಗೆ ಬಂಡವಾಳ ವೆಚ್ಚಕ್ಕಾಗಿ 50 ವರ್ಷದ ಬಡ್ಡಿರಹಿತ ಸಾಲ ಕೊಡುತ್ತಿದೆ. ಮೊದಲ ವರ್ಷ 12,000 ಕೋಟಿ ರೂಪಾಯಿ ಇಟ್ಟಿದ್ದರು. 2025–26ರ ಬಜೆಟ್‌ನಲ್ಲಿ 1.5 ಲಕ್ಷ ಕೋಟಿ ಇಟ್ಟರು. ಇದು ಪ್ರತಿ ವರ್ಷ ಬಜೆಟ್‌ನಲ್ಲಿ ಹೇಳಬೇಕಾದ ಯೋಜನೆ. ಐದು ವರ್ಷಕ್ಕೆ ಎಷ್ಟು ಎಂದು ಮೊದಲೇ ಹೇಳಿದರೆ ರಾಜ್ಯಗಳು ದೊಡ್ಡ ಕೆಲಸಕ್ಕೆ ಧೈರ್ಯದಿಂದ ಕೈ ಹಾಕಬಹುದು.

ನಿರ್ವಹಣೆ: ಯಂತ್ರಕ್ಕೆ ನಾವು ಪ್ರತಿ ವರ್ಷ ಸವಕಳಿ ಕಳೆಯುತ್ತೇವೆ. ಸರ್ಕಾರದ ಲೆಕ್ಕ ನಗದು ಆಧಾರದ್ದು, ರಸ್ತೆಯ ಸವಕಳಿ ಅದರಲ್ಲಿ ಕಾಣುವುದೇ ಇಲ್ಲ. ರೈಲ್ವೆಗೆ ಸವಕಳಿ ಮೀಸಲು ನಿಧಿ ಇದೆ. 2017–18ರಲ್ಲಿ ಸುರಕ್ಷತೆಗಾಗಿ ಐದು ವರ್ಷಕ್ಕೆ 1 ಲಕ್ಷ ಕೋಟಿ ರೂಪಾಯಿಯ ‘ರಾಷ್ಟ್ರೀಯ ರೈಲ್ ಸಂರಕ್ಷಾ ಕೋಶ’ ಪ್ರಕಟಿಸಿದರು. ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರರೇ 5 ವರ್ಷ ನಿರ್ವಹಣೆ ಮಾಡಬೇಕೆಂಬ ಷರತ್ತಿದೆ. ಇಂಥ ಷರತ್ತು ಊರಿನ ಎಲ್ಲ ರಸ್ತೆಗಳಿಗೂ ಬರಬೇಕು.

ಹಳೆಯದು ಮೊದಲು: ಹೊಸ ಕಾಮಗಾರಿಗೆ ಅಡಿಗಲ್ಲು ಹಾಕುವ ಮೊದಲು ಅರ್ಧಕ್ಕೆ ನಿಂತದ್ದಕ್ಕೆ ಹಣ ಇಡಬೇಕು. ಹತ್ತು ಕೆಲಸಕ್ಕೆ ಸ್ವಲ್ಪ ಸ್ವಲ್ಪ ಹಂಚುವುದಕ್ಕಿಂತ ಮೂರನ್ನು ಮುಗಿಸಿ ನಾಲ್ಕನೆಯದಕ್ಕೆ ಹೋಗುವುದು ಮೇಲು. 150 ಕೋಟಿಗಿಂತ ದೊಡ್ಡ ಕೇಂದ್ರ ಯೋಜನೆಗಳು ಎಷ್ಟು ತಡವಾಗಿವೆ ಎಂದು ಸಾಂಖ್ಯಿಕ ಸಚಿವಾಲಯ ವರದಿ ಪ್ರಕಟಿಸುತ್ತಾ ಬಂದಿದೆ. ಅದನ್ನು ನಾವು ಓದಿ ಕೇಳುವುದು ಕಲಿಯಬೇಕು. ಬಜೆಟ್ ದಿನ ಟಿವಿಯಲ್ಲಿ ಯಾವುದು ಅಗ್ಗ, ಯಾವುದು ತುಟ್ಟಿ ಎಂದು ನೋಡಿ ಎದ್ದುಬಿಡುತ್ತೇವೆ. ಮುಂದಿನ ಸಲ ಇನ್ನೊಂದು ಪ್ರಶ್ನೆ ಕೇಳೋಣ: ಹೋದ ವರ್ಷ ಶುರುವಾದದ್ದಕ್ಕೆ ಈ ವರ್ಷ ಎಷ್ಟು ಇಟ್ಟಿದ್ದಾರೆ?

7. ನೆನಪಿಡಬೇಕಾದ ಅಂಶಗಳು

• ಬಂಡವಾಳ ವೆಚ್ಚ ಆಸ್ತಿ ಹುಟ್ಟಿಸುತ್ತದೆ, ಆದರೆ ಮುಗಿದ ಮೇಲೆ ಮಾತ್ರ ಫಲ ಕೊಡುತ್ತದೆ.
• ಹಳೆಯ ಅಂದಾಜು ಮತ್ತು ಕೊನೆಯ ವೆಚ್ಚ ಹೋಲಿಸುವಾಗ ಬೆಲೆ ಏರಿಕೆ ಕಳೆಯಬೇಕು.
• ತಡದ ನಿಜವಾದ ನಷ್ಟ ಅವಕಾಶ ವೆಚ್ಚ.
• ದೀರ್ಘಕಾಲ ಬಾಳುವ ಆಸ್ತಿಗೆ ದೀರ್ಘಕಾಲದ, ಖಚಿತವಾದ ಹಣ ಬೇಕು.
• ನಿರ್ವಹಣೆ ಇಲ್ಲದ ಆಸ್ತಿ ನಿಧಾನವಾಗಿ ನಷ್ಟವಾಗುತ್ತದೆ.

ಅಭ್ಯಾಸಕ್ಕೆ

(1) ನಿಮ್ಮ ಊರಿನಲ್ಲಿ ಅರ್ಧಕ್ಕೆ ನಿಂತ ಒಂದು ಸಾರ್ವಜನಿಕ ಕಾಮಗಾರಿ ಗುರುತಿಸಿ. ಅದು ಮುಗಿದಿದ್ದರೆ ಯಾರಿಗೆ, ವರ್ಷಕ್ಕೆ ಎಷ್ಟು ಉಳಿತಾಯ ಆಗುತ್ತಿತ್ತು ಎಂದು ಮನೆಯವರನ್ನು ಕೇಳಿ ಬರೆಯಿರಿ.
(2) ಮೇಲಿನ ಉದಾಹರಣೆಯಲ್ಲಿ ಬೆಲೆ ಏರಿಕೆ ಶೇ. 7 ಎಂದು ಇಟ್ಟುಕೊಂಡು ‘ಆ’ ಯೋಜನೆಯ ಲೆಕ್ಕ ಮತ್ತೆ ಮಾಡಿ.

ಈ ಲೇಖನ ಬರೆದು ಮುಗಿಸಿ ಫೂಫಿಗೆ ಓದಿ ಹೇಳಿದೆ. ಅವರಿಗೆ ಕನ್ನಡ ನನಗಿಂತ ಚೆನ್ನಾಗಿ ಬರುತ್ತದೆ. ಎರಡು ಕಡೆ ಒತ್ತಕ್ಷರ ತಿದ್ದಿದರು. ಅವಕಾಶ ವೆಚ್ಚ ಎಂದರೇನು ಎಂದು ಮತ್ತೊಮ್ಮೆ ಕೇಳಿದರು, ವಿವರಿಸಿದೆ. ಅಷ್ಟರಲ್ಲಿ ಕಲಬುರಗಿಯಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿರುವ ಅವರ ಮಗಳ ಫೋನ್ ಬಂತು, ರೈಲು ಹತ್ತಿದೆ ಎಂದು. ಫೂಫಿ ಎದ್ದು ರೊಟ್ಟಿಗೆ ಹಿಟ್ಟು ಕಲಸಲು ಹೋದರು.